ಹಪೋಹಪೋ ಎಂಬ ಊರು

14 ಮಾರ್ಚ್ 1994

ನಮ್ಸಿಫು, ಮಗಳೇ,

ಹೆಸರಿಡುವವನು ಕೊನೆಗೆ ಬರಬೇಕು ಎಂದು ನೀನು ಅವತ್ತು ಹೇಳಿದ್ದೆಯೋ, ಕೊನೆಗೇ ಬರುತ್ತಾನೆ ಎಂದು ಹೇಳಿದ್ದೆಯೋ, ಈಗ ನೆನಪಾಗುತ್ತಿಲ್ಲ. ಎರಡಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಸ್ವಲ್ಪ ಮರ್ಯಾದೆ ಇದೆ. ಎರಡನೆಯದು, ಎಲ್ಲರೂ ಸೌದೆ ಒಡೆದು ನೀರು ಹೊತ್ತು ಅಡುಗೆ ಮಾಡಿದ ಮೇಲೆ ಬಂದು ಮುಂದಿನ ಚಾಪೆಯಲ್ಲಿ ಕೂರುವವನನ್ನು ಕುರಿತದ್ದು. ನಿನ್ನ ಪ್ರೊಫೆಸರ್ ಆಲ್ಟ್‌ಹೌಸರ ಲೇಖನ ನಿನ್ನೆ ಅಂಚೆಯಲ್ಲಿ ಬಂತು. ನೀನು ಹೇಳಿದ್ದು ಎರಡನೆಯದೇ ಇರಬೇಕು.

ಹನ್ನೊಂದು ಚಿಗಟದುಂಬಿಗಳು. ಒಂದೊಂದೂ ಅಕ್ಕಿನುಚ್ಚಿನಷ್ಟು. ಕೈ ಹತ್ತಿರ ತಂದರೆ ಚಿಗಟದ ಹಾಗೆ ಜಿಗಿದು, ಎಲೆಯ ಮೇಲೆ ಇದ್ದದ್ದು ಇಲ್ಲ. ಅವನ್ನು ಒಂದೊಂದಾಗಿ ಗಾಜಿನ ಕೊಳವೆಯಲ್ಲಿ ಉಸಿರೆಳೆದು ಹಿಡಿದವನು ನಾನು, 1989ರ ನವೆಂಬರಿನಲ್ಲಿ. ಈ ಬೆಟ್ಟದ ಪುಟ್ಟ ಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷ ಹುಳುಗಳಿಗೆ ಸೂಜಿ ಚುಚ್ಚಿ ಚೀಟಿ ಬರೆದ ಮೇಲೆ, ನಿವೃತ್ತನಾಗುವುದಕ್ಕೆ ಒಂದು ವರ್ಷ ಮೊದಲು. ನೀನು ಓದಲು ಹೊರಟಾಗ ಅವನ್ನು ಮಡಿಲಲ್ಲಿಟ್ಟುಕೊಂಡು ವಿಮಾನ ಹತ್ತಿದೆ. ಲೋಕಕ್ಕೇ ಹೊಸ ಜಾತಿ ಎಂದು ಗೊತ್ತಾದ ದಿನ ತಂತಿ ಕಳಿಸಿದೆ. ಆ ತಂತಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಈಗ ಅದಕ್ಕೆ ಹಪೋಹಪೋಎನ್ಸಿಸ್ ಎಂದು ಹೆಸರು. ಹಪೋಹಪೋ ಊರಿನದು ಎಂದರ್ಥ. 'ಮಾದರಿ ದೊರೆತ ಸ್ಥಳ: ಹಪೋಹಪೋ' ಎಂದು ದಪ್ಪ ಅಕ್ಷರದಲ್ಲಿದೆ.

ಹಪೋಹಪೋ ಅಂದರೆ 'ಅಲ್ಲೇ'. ಮೇಲಿನ ಚೀಟಿಯಲ್ಲಿ ಬರೆದ ಜಾಗವೇ, ಮತ್ತೆ ಬರೆಯಲು ಬೇಸರ ಎಂಬ ಅರ್ಥದಲ್ಲಿ ಹಾಕುವ ಮಾತು. ಇದನ್ನು ನಿನಗೆ ಬಿಡಿಸಿ ಹೇಳಬೇಕಾಗಿ ಬಂದದ್ದೇ ನನಗೆ ಅವಮಾನ. ಕೋಗಿಲೆ ಕೂಗಿದ ಹಾಗೆ 'ಹಪೋ ಹಪೋ' ಎಂದು ಕೂಗಿ ನೀನು ಎಷ್ಟು ಸಲ ಬಸ್ಸಿನಿಂದ ಇಳಿದಿಲ್ಲ? ನನ್ನ ಹೆಂಡತಿ ಇಡೀ ಸಂಜೆ ನಕ್ಕಳು. "ಇನ್ಮೇಲೆ ನಿನ್ನ ಗಂಡ ಯಾವ ಊರೋನು ಅಂತ ಯಾರಾದ್ರೂ ಕೇಳಿದ್ರೆ ನಾನೂ ಅಲ್ಲೇ ಅಂದುಬಿಡ್ತೀನಿ" ಎಂದಳು. ನನಗೆ ನಗು ಬರಲಿಲ್ಲ.

ಅವು ಸಿಕ್ಕಿದ್ದು ಟೀ ತೋಟದಾಚೆಯ ಹಳೆಯ ಕಾಡಿನಲ್ಲಿ. ನಿನಗೆ ಆ ಕಾಡು ಗೊತ್ತು. ಅದರ ಅಂಚಿನಲ್ಲಿ ನೀನು ಒಳಗೆ ಹೋಗೋಣ ಎಂದೆ, ನಾನು ಬಿಡಲಿಲ್ಲ. ಹೋದ ವಾರ ಅಲ್ಲಿ ಕೆಂಪು ಬಣ್ಣ ಬಳಿದ ಗೂಟಗಳು ಬಿದ್ದಿವೆ. ಟೀ ಕಂಪನಿ ಅದನ್ನೂ ತೋಟಕ್ಕೆ ಸೇರಿಸಿಕೊಳ್ಳುತ್ತದಂತೆ. ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಜೀವ ಅಲ್ಲಿದೆ ಎಂದು ಅಚ್ಚಿನಲ್ಲಿ ಇದ್ದರೆ ಗೂಟ ಕೀಳಿಸಬಹುದು. ಆದ್ದರಿಂದ ಪ್ರೊಫೆಸರಿಗೆ ಹೇಳಿ ತಿದ್ದಿಸು. ಒಂದು ಕೋಳಿ ಕಳೆದರೆ ಹಸು ಮಾರಿ ಕೋರ್ಟಿಗೆ ಹೋಗುವವರು ನಿಮ್ಮ ಪಾರೆ ಜನ, ನಮ್ಮ ಗೇಲಿಯ ನಂಟಿನವರು. ಒಂದು ಇಡೀ ಕಾಡು ಕಳೆದರೆ ಏನು ಮಾಡುತ್ತೀರಿ ನೋಡುತ್ತೇನೆ.

ನಿನ್ನ ಮೇಷ್ಟರು,
ಹೀಝಾ ಶೆಕಿವುಲಿ


2 ಮೇ 1994

ಮೇಷ್ಟ್ರೇ, ಶಿಕಮೂ, ಕಾಲಿಗೆ ನಮಸ್ಕಾರ. ನಿಮ್ಮ ಮನೆಯವರು ಮಾಮಾ ಸಲೇಹೆಗೂ.

ನಿಮ್ಮ ಕಾಗದ ಬರಲು ಐದು ವಾರ ಹಿಡಿಯಿತು. ಇಲ್ಲಿನ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ, ಹುಳುಗಳ ಕಪಾಟುಗಳ ನಡುವೆ, ಒಣ ಬ್ರೆಡ್ಡು ತಿನ್ನುತ್ತಾ ಓದಿದೆ. ಬೈಗಳ ಭಾಗವನ್ನು ಎರಡು ಸಲ ಓದಿದೆ. ಇಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ. ಬಾಗಿಲು ಹಿಡಿದುಕೊಂಡು ಮೊದಲು ನೀವು ಹೋಗಿ ಎನ್ನುತ್ತಾರೆ.

ಪ್ರೊಫೆಸರಿಗೆ ಹೇಳಿದೆ. ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿದರು. ಒಮ್ಮೆ ಅಚ್ಚಾದ ಹೆಸರನ್ನು ಯಾರೂ ಬದಲಿಸುವ ಹಾಗಿಲ್ಲ. ತಪ್ಪು ಹೆಸರಿಗೂ ಬದುಕುವ ಹಕ್ಕಿದೆ ಎಂಬುದು ಈ ವಿದ್ಯೆಯ ಕಾನೂನು. "ಕೇಳೋಕೆ ಚೆನ್ನಾಗಿದೆಯಲ್ಲ, ಡೋಲು ಬಡಿದ ಹಾಗೆ" ಎಂದರು. ಆ ಮಾತಿಗೆ ನಿಮಗೆ ಬರುವ ಸಿಟ್ಟು ನನಗೂ ಬಂತು.

ಹೆಸರು ಉಳಿದರೂ ಸ್ಥಳವನ್ನು ತಿದ್ದಬಹುದು. ಅದಕ್ಕೊಂದು ಟಿಪ್ಪಣಿ ಅಚ್ಚು ಮಾಡಬೇಕು. ಟಿಪ್ಪಣಿಗೆ ಆಧಾರ ಬೇಕು, ಬಾಯಿಮಾತು ಸಾಲದು. ನೀವು ಕಾಡಿಗೆ ಒಯ್ಯುವ ನೋಟ್‌ಪುಸ್ತಕದಲ್ಲಿ ಆ ದಿನದ ಪುಟ ಇರುತ್ತದಲ್ಲ, ಅದನ್ನು ಕಳಿಸಿ. ಆ ಹನ್ನೊಂದನ್ನು ಮೊದಲ ಪೆಟ್ಟಿಗೆಯಿಂದ ತೆಗೆದು ಬೇರೆ ಪೆಟ್ಟಿಗೆಗೆ ಹಾಕಿದವಳು ನಾನೇ. ಅದರಿಂದ ಮೇಲಿನ ಚೀಟಿ ಯಾವುದಿತ್ತು ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಆ ಕಾಡಿನ ಹೆಸರೇನು ಎಂದು ಪ್ರೊಫೆಸರ್ ಕೇಳಿದರು. ಅಷ್ಟು ವರ್ಷ ನಿಮ್ಮ ಜೊತೆ ಅಲೆದವಳು, ನನಗೂ ಗೊತ್ತಿಲ್ಲ ಎಂದು ಆಗ ಹೊಳೆಯಿತು.

ನಾಲ್ಕು ತಿಂಗಳು ನಾನು ಬರೆದದ್ದು ಒಂದೇ ಚಿತ್ರ. ಗಂಡುಹುಳುವಿನ ಹೊಟ್ಟೆ ಬಿಡಿಸಿ, ರೆಪ್ಪೆಕೂದಲ ತುದಿಯಷ್ಟಿರುವ ಅಂಗವನ್ನು ಕ್ಷಾರದಲ್ಲಿ ಬೇಯಿಸಿ, ಮೂರು ಕಡೆಯಿಂದ ಬರೆದೆ. ಅದೊಂದರ ತುದಿ ಎಡಕ್ಕೆ ಬಾಗಿದೆ. ಅದರ ಅಣ್ಣತಮ್ಮಂದಿರಿಂದ ಅದು ಬೇರೆ ಎನ್ನಲು ಇರುವುದು ಆ ಬಾಗು ಮಾತ್ರ. ಆಮೇಲೆ ಇಡೀ ಹುಳುವನ್ನೂ, ಅದರ ಹಿಂಗಾಲಿನ ತೊಡೆಯನ್ನೂ ಬರೆದೆ. ಅದನ್ನು ನೋಡಿ ಎಲ್ಲರೂ ಇದೇನು ಇಷ್ಟು ದಪ್ಪ ಎನ್ನುತ್ತಾರೆ. ಬೆಟ್ಟದವರು ಬಾಳೆಹಣ್ಣು ತಿಂದೂ ತಿಂದೂ ಹಾಗಾಗುತ್ತಾರೆ, ಚೀಟಿಯಲ್ಲಿ ಒಂದು ಪೂರ್ತಿ ವಾಕ್ಯ ಬರೆಯಲೂ ಅವರಿಗೆ ಪುರಸೊತ್ತಿರುವುದಿಲ್ಲ ಎಂದು ಹೇಳೋಣವೆನಿಸಿತು.

ನಿಮ್ಮ ಮಗಳು,
ನಮ್ಸಿಫು ಎಂಬ್ವಾಂಬೊ


20 ಜೂನ್ 1994

ನಮ್ಸಿಫು,

ನಿನ್ನ ಶಿಕಮೂಗೆ ಮರಹಬಾ.

ಟೀ ಕಂಪನಿಯವರ ವರದಿ ಹಳ್ಳಿ ಕಚೇರಿಗೆ ಬಂದಿದೆ. ಕಾಡನ್ನು ಪರೀಕ್ಷಿಸಲು ಇಬ್ಬರು ಬಂದಿದ್ದರು. ನಾನೇ ನೋಡಿದ್ದೇನೆ. ಅಂಚಿನಲ್ಲಿ ಕಾರು ನಿಲ್ಲಿಸಿ, ಫ್ಲಾಸ್ಕಿನಿಂದ ಚಹಾ ಕುಡಿದು, ಇಪ್ಪತ್ತು ಹೆಜ್ಜೆ ಒಳಗೆ ಹೋಗಿ, ಪ್ಯಾಂಟಿಗೆ ಅಂಟಿದ ಮುಳ್ಳು ಕೀಳುತ್ತಾ ಹೊರಗೆ ಬಂದರು. 'ವಿಶೇಷವಾದ ಜೀವಿಗಳೇನೂ ಕಂಡುಬಂದಿಲ್ಲ' ಎಂದು ಬರೆದಿದ್ದಾರೆ. ನಿಜ, ಅವರಿಗೆ ಕಂಡುಬಂದಿಲ್ಲ. ಕಾಣದೆ ಇರುವುದೇ ಆ ಹುಳುವಿನ ಕಸುಬು.

ನಾನು ಲೇಖನ ಹಿಡಿದುಕೊಂಡು ಹಳ್ಳಿಯ ಅಧ್ಯಕ್ಷನ ಹತ್ತಿರ ಹೋದೆ. ಅವನು ನನ್ನ ಮಗನ ಓರಗೆಯವನು, ಒಳ್ಳೆಯವನೇ. ಹಾಳೆ ತಿರುವಿ ತಿರುವಿ ನೋಡಿ, "ಮೇಷ್ಟ್ರೇ, ಎಲ್ಲಾ ಸರಿ. ಇದು ಇಲ್ಲೀದು ಅಂತ ಎಲ್ಲಿ ಬರೆದಿದೆ?" ಎಂದ. ನಾನು ದಪ್ಪ ಅಕ್ಷರ ತೋರಿಸಿದೆ. "ಹಪೋಹಪೋ," ಎಂದು ಓದಿದ. ಆಮೇಲೆ ನನ್ನ ಮುಖವನ್ನು ನೋಡದೆ, "ಚಹಾ ತರಿಸಲಾ?" ಎಂದ. ನನ್ನ ಜೀವನದಲ್ಲಿ ಅಷ್ಟು ಸೌಜನ್ಯದಿಂದ ಯಾರೂ ನನ್ನನ್ನು ಹೊರಗೆ ಕಳಿಸಿರಲಿಲ್ಲ.

ನೀನು ಪುಟ ಕೇಳಿದ್ದೀಯೆ. ಆ ವರ್ಷದ ಪುಸ್ತಕವನ್ನು ಇಲಿ ತಿಂದಿದೆ. ಪುಟ ಇಲ್ಲ. ಪುಟವೇ ಯಾಕೆ ಬೇಕು? ನಿಮ್ಮ ಆ ನೆಲಮಾಳಿಗೆಯಲ್ಲಿ ನನ್ನ ಅಕ್ಷರದ ಚೀಟಿ ಎಷ್ಟು ಸಾವಿರ ಇವೆ ಎಣಿಸಿದ್ದೀಯಾ? ಇಷ್ಟು ವರ್ಷ ಅವುಗಳಲ್ಲಿ ಒಂದಕ್ಕೂ ಸಾಕ್ಷಿ ಕೇಳದವರು ಈಗ ಕೇಳುತ್ತಾರೆ. ನಮ್ಮ ಮಾತನ್ನು ಓದಲು ಬಾರದವನು ಊರೊಂದನ್ನು ಹುಟ್ಟಿಸಿದರೆ ಅದು ವಿದ್ಯೆ. ಆ ಊರು ಇಲ್ಲ ಎನ್ನಲು ನಾನು ದಾಖಲೆ ತರಬೇಕು. ಪ್ರೊಫೆಸರು ಒಂದು ಸಲ, ಒಂದೇ ಒಂದು ಸಲ, ಪಕ್ಕದಲ್ಲಿ ಕೂತಿದ್ದ ನಿನ್ನನ್ನು 'ಈ ಮಾತಿನ ಅರ್ಥ ಏನಮ್ಮ' ಎಂದು ಕೇಳಬಾರದಾಗಿತ್ತೇ?

ಶೆಕಿವುಲಿ


9 ಆಗಸ್ಟ್ 1994

ಮೇಷ್ಟ್ರೇ, ಶಿಕಮೂ.

ನಿಮ್ಮ ಪುಸ್ತಕಗಳು ತಗಡಿನ ಪೆಟ್ಟಿಗೆಯಲ್ಲಿ, ಒಣ ಬೇವಿನೆಲೆಯ ನಡುವೆ ಇರುತ್ತವೆ. ಪ್ರತಿ ಶನಿವಾರ ಎಲೆ ಬದಲಿಸುತ್ತಿದ್ದವಳು ನಾನು. ಆ ಮುಚ್ಚಳ ತೆಗೆಯಲು ನನಗೇ ಎರಡು ಕೈ ಬೇಕಾಗುತ್ತಿತ್ತು. ಅದನ್ನು ತೆಗೆಯುವ ಇಲಿ ಇದ್ದರೆ ಅದೂ ಹೊಸ ಜಾತಿಯೇ.

ಚೀಟಿಯಿಲ್ಲದ ಹುಳು ಬರೀ ಕಸ ಎಂದು ಕಲಿಸಿದವರು ನೀವು. ಚೀಟಿಯಲ್ಲಿ ಸುಳ್ಳಿದ್ದರೆ ಸುಳ್ಳನ್ನೂ ಹಾಗೇ ಕಾಪಾಡು, ನೀನಾಗಿ ತಿದ್ದಬೇಡ ಎಂದೂ ಹೇಳಿದ್ದಿರಿ. ನಾನು ಅದನ್ನು ಪಾಲಿಸಿದ್ದೇನೆ, ನಿಮಗೆ ಗೊತ್ತಿರುವುದಕ್ಕಿಂತ ಹೆಚ್ಚಾಗಿ. ಆ ಪುಟದಲ್ಲಿ ಏನಿದೆ?

ನಮ್ಸಿಫು


11 ಜನವರಿ 1995

ಮಗಳೇ,

ಐದು ತಿಂಗಳು ಬರೆಯಲಿಲ್ಲ. ಕೈಗೆ ಏನೂ ಆಗಿರಲಿಲ್ಲ.

ಪುಟದಲ್ಲಿ ಹೆಸರಿಲ್ಲ. ತೊರೆಯ ತಿರುವು, ಮೂರು ಮರ, ಕಪ್ಪುಕಾಂಡದ ಬಳ್ಳಿ, ಅದರ ಎಲೆಯಲ್ಲಿ ಗುಂಡುಸೂಜಿಯಿಂದ ಚುಚ್ಚಿದ ಹಾಗೆ ತೂತುಗಳು. ಇಷ್ಟು ಬರೆದಿದ್ದೇನೆ. ಸ್ಥಳದ ಮುಂದೆ ಹಪೋಹಪೋ ಎಂದಿದೆ. ಅದರ ಮೇಲೆ ಬೇರೆ ಯಾವ ಜಾಗವೂ ಇಲ್ಲ.

ಆ ಕಾಡನ್ನು ಕಾಯುವ ಮನೆತನದ ಹಿರಿಯ ಶೆಂಹಿಲು. ನೀನು ನೋಡಿದ್ದೀಯೆ: ಒಂದು ಕಣ್ಣಿಗೆ ಪೊರೆ, ಸೊಂಟದಲ್ಲಿ ನಶ್ಯದ ಡಬ್ಬಿ. ಅವರ ಹಿರಿಯರನ್ನೆಲ್ಲ ಹೂತಿರುವುದು ಅಲ್ಲಿ. ಆ ಮನೆಯವರು, ಅವರ ಸುತ್ತಿನ ನಾವು, ಕಾಡಿನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಮಲಗಿದವರನ್ನು ಕರೆದ ಹಾಗೆ. ಶೆಂಹಿಲು ಎಲ್ಲಿ ಎಂದರೆ ಅವರ ಹೆಂಡತಿ ಗದ್ದ ಎತ್ತಿ 'ಹಪೋಹಪೋ' ಎನ್ನುತ್ತಾಳೆ. ಅಲ್ಲೇ. ಕೇಳಿದವರಿಗೆ ತಿಳಿಯುತ್ತದೆ.

ಅವತ್ತು ಅವರು ನನ್ನನ್ನು ಒಳಗೆ ಬಿಟ್ಟರು. ಚಪ್ಪಲಿ ಹೊರಗೆ. "ಹುಳ ಬೇಕಾದ್ರೆ ತಗೊಂಡು ಹೋಗು. ಹೆಸರು ಮಾತ್ರ ಇಲ್ಲೇ ಬಿಟ್ಟು ಹೋಗು," ಎಂದರು. ನಾನು ಮಾತು ಕೊಟ್ಟೆ. ಮಾತು ಉಳಿಸಿಕೊಳ್ಳಲು ಹನ್ನೊಂದು ಚೀಟಿಯಲ್ಲೂ ಹಪೋಹಪೋ ಎಂದು ಬರೆದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಯಾರಾದರೂ ಕೇಳಿಯಾರು ಎಂದು ಪೆಟ್ಟಿಗೆಯಲ್ಲೂ ಸಂಗ್ರಹಾಲಯದ ದಾಖಲೆ ಪುಸ್ತಕದಲ್ಲೂ ಅವನ್ನು ಬೇರೊಂದು ಸಾಲಿನ ಕೆಳಗೆ ಸೇರಿಸಿದೆ. ಟೀ ಫ್ಯಾಕ್ಟರಿ ಹಿಂದಿನ ನೀಲಗಿರಿ ತೋಪಿನ ಹುಳುಗಳ ಸಾಲು ಅದು. ನೋಡಿದವರು 'ಮೇಲಿನಂತೆ' ಎಂದುಕೊಳ್ಳಲಿ ಎಂದು. ನಿನಗೆ ಮೊದಲ ಕಾಗದದಲ್ಲಿ ಬರೆದದ್ದು ಅರ್ಧ ಸುಳ್ಳು. ಸಿಟ್ಟು ಮಾತ್ರ ಪೂರ್ತಿ ನಿಜ.

ಹೋದ ಶುಕ್ರವಾರ ಶೆಂಹಿಲು ಮನೆಗೆ ಬಂದರು. ಕೂರಲಿಲ್ಲ. ಗೂಟಗಳು ಈಗ ಅವರ ತಾಯಿಯ ಗೋರಿಯ ಆಚೆಗೆ ಹೋಗಿವೆಯಂತೆ. "ಬರೆದುಬಿಡು," ಎಂದರು. "ಏನನ್ನ?" ಎಂದೆ. "ನಿಂಗೆ ಗೊತ್ತು. ಮಲಗಿದೋರು ಎದ್ರೆ ಏಳ್ಲಿ. ಟೀ ಗಿಡದ ಬೇರು ತಿವಿದು ಏಳೋದಕ್ಕಿಂತ ನಾವೇ ಕರೆದು ಎಬ್ಬಿಸೋದು ಮರ್ಯಾದೆ."

ಕ್ವೆಂಗೋಲಾ. ಬರೆದೆ. ಅರವತ್ತು ವರ್ಷದಲ್ಲಿ ಮೊದಲ ಸಲ.

ಪುಟವನ್ನೇ ಕಿತ್ತು ಇದರ ಜೊತೆ ಇಟ್ಟಿದ್ದೇನೆ. ಹೆಸರಿನ ಪಕ್ಕದಲ್ಲಿ ಶೆಂಹಿಲು ಹೆಬ್ಬೆಟ್ಟು ಒತ್ತಿದ್ದಾರೆ. ಮಾರ್ಚ್ ಮೂರರಂದು ಜಿಲ್ಲಾ ಅಧಿಕಾರಿಯ ಮುಂದೆ ವಿಚಾರಣೆ ಇದೆ. ಅಷ್ಟರೊಳಗೆ ಪ್ರೊಫೆಸರ ಸಹಿಯಿರುವ ಒಂದು ಹಾಳೆ ಬೇಕು. ಅವರು ಮಾಡಿದ ತಪ್ಪು ಅವರ ಕೈಯಿಂದಲೇ ತಿದ್ದಿದ್ದು.

ಹೀಝಾ ಶೆಕಿವುಲಿ


20 ಫೆಬ್ರವರಿ 1995

ಮೇಷ್ಟ್ರೇ, ಶಿಕಮೂ.

ಕಾಗದ ಮೊನ್ನೆ ಬಂತು. ಇದು ಮೂರನೇ ತಾರೀಕಿನ ಒಳಗೆ ನಿಮ್ಮನ್ನು ತಲುಪುವುದಿಲ್ಲ ಎಂದು ಗೊತ್ತು. ಜಿಲ್ಲಾ ಕಚೇರಿಗೆ ತಂತಿ ಕಳಿಸಿದ್ದೇನೆ. ನಿಮ್ಮ ಪುಟವನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಅದು ಅಲ್ಲಿರಬೇಕಾದದ್ದು. ಕೇಳಿದ್ದೇ ನನ್ನ ತಪ್ಪು.

ಪ್ರೊಫೆಸರ್ ಸಹಿ ಹಾಕಲು ಒಪ್ಪಿದರು. ಆದರೆ ಅದಕ್ಕೆ ಮೊದಲು ನನ್ನನ್ನು ಕೂರಿಸಿ ಒಂದು ಮಾತು ಕೇಳಿದರು. ಅದನ್ನು ನಿಮಗೂ ಹೇಳಬೇಕು.

ಅವರು ಕೇಳಿದ್ದರು, ಮೇಷ್ಟ್ರೇ. ಲೇಖನ ಅಚ್ಚಿಗೆ ಹೋಗುವ ಮೊದಲು, ಚೀಟಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು, "ಇದೇನು, ಊರೇ?" ಎಂದು ಪಕ್ಕದಲ್ಲಿ ಕೂತಿದ್ದ ನನ್ನನ್ನು ಕೇಳಿದರು. ನಾನು ಹೌದು ಎಂದೆ. "ಎಲ್ಲಿ?" ಎಂದರು. ನಿಮ್ಮ ಮನೆಯಿಂದ ಎರಡು ಮೈಲಿ ಎಂದೆ.

ಸ್ಥಳವಿಲ್ಲದ ಮಾದರಿಯಿಂದ ಹೊಸ ಜಾತಿ ವರ್ಣಿಸಲು ಅವರು ಒಪ್ಪುತ್ತಿರಲಿಲ್ಲ. ಹನ್ನೊಂದೂ ಕಪಾಟಿಗೆ ವಾಪಸು ಹೋಗುತ್ತಿದ್ದವು. ನನ್ನ ನಾಲ್ಕು ತಿಂಗಳು, ಆ ಅಧ್ಯಾಯ, ವಿದ್ಯಾರ್ಥಿವೇತನ, ಎಲ್ಲ ಅದಕ್ಕೆ ಅಂಟಿಕೊಂಡಿತ್ತು. ನೀವು ಯಾವುದನ್ನೋ ಮುಚ್ಚಿಟ್ಟಿದ್ದೀರಿ ಎಂದು ಆಗಲೇ ಅನ್ನಿಸಿತ್ತು. ನೀವು ಸೋಮಾರಿತನಕ್ಕೆ 'ಅಲ್ಲೇ' ಎಂದು ಬರೆಯುವವರಲ್ಲ. ಹಾಗಾಗಿ ನಿಮ್ಮ ಗುಟ್ಟನ್ನು ಕಾಯುತ್ತಿದ್ದೇನೆ ಎಂದೂ ನನಗೆ ನಾನೇ ಹೇಳಿಕೊಂಡೆ. ಅದೂ ನಿಜ. ಆದರೆ ಮೊದಲು ಬಂದದ್ದು ಭಯ.

ನೀವು ಮೂರು ಕಾಗದಗಳಲ್ಲಿ ಪ್ರೊಫೆಸರರನ್ನು ಬೈದಿರಿ. ನಾನು ಓದಿಕೊಂಡು ಸುಮ್ಮನಿದ್ದೆ.

ನಮ್ಸಿಫು


2 ಏಪ್ರಿಲ್ 1995

ಡಾಕ್ಟರ್ ಎಂಬ್ವಾಂಬೊ ಅವರಿಗೆ,

ವಿಚಾರಣೆ ಶಾಲೆಯ ಕೋಣೆಯಲ್ಲಿ ನಡೆಯಿತು. ಕಂಪನಿಯ ಸಲಹೆಗಾರ ಒಬ್ಬ ನಿಮ್ಮ ಲೇಖನ ಹಿಡಿದುಕೊಂಡು ಬಂದಿದ್ದ. ನಾವು ತರುವ ಮೊದಲೇ ಅವನು ತಂದ. ಭೂಪಟವನ್ನು ಕರಿಹಲಗೆಗೆ ಅಂಟಿಸಿ, ಕೋಲು ಹಿಡಿದು, "ಈ ದುಂಬಿ ಹಪೋಹಪೋ ಎಂಬಲ್ಲಿ ಇದೆ ಎಂದು ಶಾಸ್ತ್ರವೇ ಹೇಳುತ್ತದೆ. ಈ ಕಾಡಿನಲ್ಲಿದೆ ಎಂದು ಹೇಳುವುದಿಲ್ಲ," ಎಂದ. ಅಧಿಕಾರಿ ನಗು ತಡೆದುಕೊಂಡು, "ಹಪೋಹಪೋ? ಎಲ್ಲಪ್ಪ ಅದು?" ಎಂದರು. ಹಿಂದಿನ ಬೆಂಚಿನಿಂದ ಯಾರೋ "ಹಪೋಹಪೋ" ಎಂದರು. ಇಡೀ ಕೋಣೆ ನಕ್ಕಿತು. ಕಾಡು ಉಳಿಯಲಿ ಎಂದು ಬಂದವರೂ ನಕ್ಕರು. ತಡೆಯಲು ಆಗುವ ನಗುವಲ್ಲ ಅದು. ನಾನೂ ನಕ್ಕಿರಬಹುದು.

ನಾನು ಎದ್ದು ನಿಂತು ಹೇಳಿದೆ. "ಆಧಾರ?" ಎಂದರು. ನನ್ನ ಪುಸ್ತಕದ ಪುಟ ಎಂದೆ. "ತೋರಿಸಿ." ಯುರೋಪಿನಲ್ಲಿದೆ ಎಂದೆ. ಇನ್ನೊಮ್ಮೆ ನಗು. ಯಾರದೋ ತಂತಿ ಬಂದಿತ್ತಂತೆ. ತಂತಿಯಲ್ಲಿ ಸಹಿ ಇರುವುದಿಲ್ಲ ಎಂದು ಬದಿಗಿಟ್ಟರು. ಆಗ ಸಲಹೆಗಾರ ಸಂಗ್ರಹಾಲಯದ ದಾಖಲೆ ಪುಸ್ತಕ ತೆಗೆದ. ಅದನ್ನು ಅವನು ಹೇಗೆ ತರಿಸಿಕೊಂಡನೋ. ಆ ಸಾಲಿಗೆ ಬೆರಳಿಟ್ಟು, "ಹಪೋಹಪೋ ಎಂದರೆ 'ಅಲ್ಲೇ', ಮೇಲಿನಂತೆ ಎಂದು ಇವರೇ ಊರೆಲ್ಲ ಹೇಳಿಕೊಂಡು ತಿರುಗಿದ್ದಾರೆ. ಸರಿ, ಮೇಲೇನಿದೆ ನೋಡೋಣ. ಟೀ ಫ್ಯಾಕ್ಟರಿ ಹಿಂಭಾಗ, ನೀಲಗಿರಿ ತೋಪು. ಈ ಅಕ್ಷರ ಯಾರದ್ದು ಮೇಷ್ಟ್ರೇ?" ಎಂದು ಕೇಳಿದ.

ನನ್ನದು ಎಂದೆ.

ಶೆಂಹಿಲು ಎದ್ದರು. ಆ ಕಾಡಿನ ಹೆಸರನ್ನು ಅಷ್ಟು ಜನರ ಮುಂದೆ ಹೇಳಿದರು. ಯಾರೂ ನಗಲಿಲ್ಲ. ಹೆಂಗಸರು ತಲೆ ತಗ್ಗಿಸಿದರು. ಗುಮಾಸ್ತ ಅದನ್ನು ಬರೆದುಕೊಳ್ಳಲಿಲ್ಲ. ಅವನೂ ನಮ್ಮವನೇ, ಬರೆಯಲು ಕೈ ಬರಲಿಲ್ಲ. ದಾಖಲೆಯಲ್ಲಿ ಆ ಜಾಗ ಖಾಲಿ ಇದೆ.

ನಿಮ್ಮ ಕಾಗದ ನಿನ್ನೆ ಬಂತು. ಪುಟವೂ ಬಂತು. ಮಡಿಕೆ ಸರಿಯಾಗಿ ಮಡಿಸಿದ್ದೀರಿ.

ಒಂದು ವರ್ಷ ನಾನು ಕಂಡವರಿಗೆಲ್ಲ ಹೇಳಿಕೊಂಡು ಬಂದೆ: ನಮ್ಮ ಮಾತು ಬಾರದ ಬಿಳಿಯನೊಬ್ಬ ಹೀಗೆ ಮಾಡಿದ ಎಂದು. ಹಾಗೆ ಹೇಳುವುದರಲ್ಲಿ ಒಂದು ಸುಖವಿತ್ತು. ಕೇಳಿದವರೆಲ್ಲ ತಲೆದೂಗುತ್ತಿದ್ದರು. ಆ ಸುಖವನ್ನೂ ನೀವು ಕಿತ್ತುಕೊಂಡಿರಿ. ನನ್ನ ಸುಳ್ಳಿಗೆ ಒಂದು ಕಾರಣವಿತ್ತು, ಒಬ್ಬ ಮುದುಕನಿಗೆ ಕೊಟ್ಟ ಮಾತಿತ್ತು. ಹಾಗೆಂದು ಬರೆಯುತ್ತಿರುವಾಗಲೇ ಅದು ಎಷ್ಟು ಅಗ್ಗದ ಮಾತು ಎಂದು ಕಾಣುತ್ತಿದೆ. ಆದರೂ ಅಳಿಸುವುದಿಲ್ಲ. ಸುಳ್ಳನ್ನೂ ಹಾಗೇ ಕಾಪಾಡು ಎಂದು ಕಲಿಸಿದವನಲ್ಲವೇ ನಾನು.

ಹೀಝಾ ಶೆಕಿವುಲಿ


18 ಸೆಪ್ಟೆಂಬರ್ 1995

ಮೇಷ್ಟ್ರೇ, ಶಿಕಮೂ.

ಜೂನಿನಲ್ಲಿ ಬರೆದೆ, ಜುಲೈಯಲ್ಲಿ ಬರೆದೆ. ಉತ್ತರ ಬರಲಿಲ್ಲ. ಬರಬೇಕೆಂದೂ ಇಲ್ಲ.

ತಿದ್ದುಪಡಿ ಅಚ್ಚಾಗಿದೆ. ಪ್ರತಿ ಕಳಿಸುತ್ತಿದ್ದೇನೆ. ನಾಲ್ಕು ಸಾಲು, ಬೇರೆ ಯಾರದೋ ಲೇಖನದ ಕೊನೆಯಲ್ಲಿ ಉಳಿದ ಜಾಗದಲ್ಲಿ. ಸ್ಥಳ ಕ್ವೆಂಗೋಲಾ ಎಂದಿದೆ. 'ತಪ್ಪು ಮಾಹಿತಿ ನೀಡಿದವರು ನ. ಎಂಬ್ವಾಂಬೊ' ಎಂದೂ ಇದೆ. ಆ ಸಾಲನ್ನು ಪ್ರೊಫೆಸರ್ ಬೇಡ ಎಂದರು. ನಾನು ಸೇರಿಸಿದೆ.

ಇಲ್ಲಿ ನನಗೆ ಖಾಯಂ ಕೆಲಸ ಸಿಗುವುದಿಲ್ಲ ಎಂದು ಗೊತ್ತಾಯಿತು. ಆ ಸಾಲಿಗೂ ಇದಕ್ಕೂ ಸಂಬಂಧವಿಲ್ಲವಂತೆ.

ನಮ್ಮ ಪಾರೆಯವರಿಗೂ ನಿಮ್ಮವರಿಗೂ ಇರುವ ಗೇಲಿಯ ನಂಟು ಮುರಿಯುವಂಥದ್ದಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಹೆಣದ ಮುಂದೆಯೂ ಬೈಯಬಹುದಾದ ನಂಟು. ದಯವಿಟ್ಟು ಬೈಯಿರಿ. 'ಡಾಕ್ಟರ್' ಎನ್ನಬೇಡಿ.

ನಮ್ಸಿಫು


6 ಫೆಬ್ರವರಿ 1996

ಕೋಳಿಕಳ್ಳರ ಮಗಳೇ,

ಮರಹಬಾ. ನಿನ್ನ ಎಲ್ಲ ಕಾಗದಗಳ ಶಿಕಮೂಗೂ ಸೇರಿಸಿ ಒಂದೇ ಸಲ.

ಶೆಂಹಿಲು ಡಿಸೆಂಬರಿನಲ್ಲಿ ತೀರಿಕೊಂಡರು. ಹೂಳುವ ದಿನ ಕೆಳಗಿನ ಬಯಲಿನಿಂದ ನಿಮ್ಮ ಪಾರೆಯವರು ಏಳು ಜನ ಬಂದರು. ಗೇಲಿಯ ನಂಟಿನವರು ಬರಲೇಬೇಕಲ್ಲ. ಒಬ್ಬಳು ಹೆಣದ ಚಾಪೆಯ ಪಕ್ಕ ಅಡ್ಡ ಮಲಗಿ, "ಈ ಮುದುಕ ಬದುಕಿದ್ದಾಗ ಯಾರನ್ನೂ ಕಾಡೊಳಗೆ ಬಿಡ್ಲಿಲ್ಲ, ಈಗ ಇವನ್ನ ಯಾವ ಕಾಡೊಳಗೆ ಬಿಡ್ತೀರಿ? ಟೀ ಪುಡಿ ಡಬ್ಬಿಗೆ ಹಾಕ್ತೀರಾ?" ಎಂದಳು. ಶೆಂಹಿಲು ಹೆಂಡತಿ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು, ಆಮೇಲೆ ಅತ್ತಳು. ಅವರನ್ನು ಅವರ ತಾಯಿಯ ಪಕ್ಕ ಹೂಳಲು ಆಗಲಿಲ್ಲ. ಅದು ಈಗ ಟೀ ತೋಟದ ಹದಿನಾಲ್ಕನೇ ಬ್ಲಾಕು. ಶಾಲೆಯ ಹಿಂದೆ ಹೂತೆವು.

ಅಂದರೆ ಕಾಡು ಹೋಯಿತು. ಅಕ್ಟೋಬರಿನಲ್ಲಿ. ನಿನ್ನ ನಾಲ್ಕು ಸಾಲು ನವೆಂಬರಿನಲ್ಲಿ ಬಂತು. ಅದನ್ನು ಅಧಿಕಾರಿಗೆ ಕೊಟ್ಟೆ. ಅವರು ಓದಿ, "ತುಂಬಾ ಒಳ್ಳೇದು, ಆದರೆ ಬೋರ್ಡು ಬರೆಸಿಬಿಟ್ಟಿದ್ದೀವಲ್ಲ," ಎಂದರು.

ಬೋರ್ಡಿನ ವಿಷಯ ನಿನಗೆ ಗೊತ್ತಿಲ್ಲ. ಅಪರೂಪದ ಜೀವಕ್ಕೆ ಅನ್ಯಾಯವಾಗಬಾರದು ಎಂದು ಕಂಪನಿಯವರು ಫ್ಯಾಕ್ಟರಿ ಹಿಂದಿನ ಐದು ಎಕರೆ ನೀಲಗಿರಿ ತೋಪನ್ನು ಬಿಟ್ಟುಕೊಟ್ಟಿದ್ದಾರೆ. ತಂತಿಬೇಲಿ ಹಾಕಿದ್ದಾರೆ. 'ಹಪೋಹಪೋ ಚಿಗಟದುಂಬಿ ರಕ್ಷಿತಾರಣ್ಯ' ಎಂದು ಹಸಿರು ಬೋರ್ಡು. ಅದರ ಮೇಲೆ ಬಾಗಿಲಿನಷ್ಟು ದೊಡ್ಡ ದುಂಬಿ. ನಿನ್ನ ಚಿತ್ರ. ಹಿಂಗಾಲಿನ ತೊಡೆಯಲ್ಲಿ ಒಂದು ಗೆರೆಯೂ ತಪ್ಪಿಲ್ಲ. ಕಂಪನಿಯ ಕ್ಯಾಲೆಂಡರಿನಲ್ಲೂ ಜೂನ್ ತಿಂಗಳ ಮೇಲೆ ಅದೇ ಕೂತಿದೆ. ಆ ತೋಪಿನಲ್ಲಿ ಒಂದು ಎಲೆಯನ್ನೂ ಯಾವ ಹುಳವೂ ಕಚ್ಚುವುದಿಲ್ಲ. ನೆಗಡಿಯ ಮುಲಾಮಿನ ವಾಸನೆ. ನೀನೂ ನಾನೂ ಸೇರಿ ಹುಟ್ಟಿಸಿದ ಊರಿಗೆ ಬೇಲಿಯಾಯಿತು, ಬೋರ್ಡಾಯಿತು, ಈಗ ಕಾವಲುಗಾರನೂ ಇದ್ದಾನೆ. ಭೂಪಟದಲ್ಲಿ ಬಂದರೆ ಆಶ್ಚರ್ಯವಿಲ್ಲ. ಇದ್ದ ಕಾಡು ಮಾತ್ರ ಎಲ್ಲೂ ಇಲ್ಲ.

ಮೊನ್ನೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾಡಿದ್ದ ತಿರುವಿನಲ್ಲಿ ಇಳಿಯಬೇಕಾಗಿತ್ತು. 'ಹಪೋ ಹಪೋ' ಎಂದು ಕೂಗಿದೆ. ಬಸ್ಸು ನಿಲ್ಲಲಿಲ್ಲ. ಕಂಡಕ್ಟರ್ ಟಿಕೆಟ್ಟಿನ ಕಟ್ಟಿನಿಂದ ತಲೆ ಎತ್ತದೆ, "ಅದು ಇನ್ನೂ ಮುಂದೈತೆ ಅಜ್ಜ. ಫ್ಯಾಕ್ಟರಿ ಹಿಂದೆ," ಎಂದ. "ಇಲ್ಲೇ ಕಣೋ, ಇಲ್ಲೇ," ಎಂದೆ. "ಇಲ್ಲೇ ಅಂದ್ರೆ ಇಲ್ಲೇ ಅನ್ನಿ. ಹಪೋಹಪೋ ಅಂತ ಯಾಕಂತೀರಿ," ಎಂದು ನನಗೇ ಬೈದ. ನಮ್ಮ ಮಾತಿನಿಂದ ಒಂದು ಪದ ಹೋಗಿದೆ, ಮಗಳೇ. ಹೋದದ್ದು ನನ್ನ ಕೈಬರಹದಲ್ಲಿ.

ಬೋರ್ಡಿನ ಮುಂದೆ ಇಳಿದು, ನಾಲ್ಕು ಮೈಲಿ ಹಿಂದಕ್ಕೆ ನಡೆದೆ. ಸಿಟ್ಟಿನಲ್ಲಿ ನಡೆದರೆ ಮೊಣಕಾಲು ನೋಯುವುದಿಲ್ಲ. ಹದಿನಾಲ್ಕನೇ ಬ್ಲಾಕಿನಲ್ಲಿ ಟೀ ಸಸಿಗಳು ಮೊಣಕಾಲಿನವರೆಗೆ ಬಂದಿವೆ. ತೊರೆ ಇದೆ, ತಿರುವಿದೆ. ಮೂರು ಮರಗಳ ಬುಡ ಇದೆ. ನೀರಿನ ಕಡೆಗೆ ಬಗ್ಗಿದ ದಂಡೆಯಲ್ಲಿ, ಕತ್ತಿ ತಲುಪದ ಕಡೆ, ಕಪ್ಪುಕಾಂಡದ ಬಳ್ಳಿಯ ಒಂದು ಮೊಳ ಉಳಿದಿತ್ತು. ಎಲೆಯಲ್ಲಿ ಗುಂಡುಸೂಜಿಯ ತೂತುಗಳು. ಹೊಸವು, ಅಂಚು ಇನ್ನೂ ಹಸಿರಾಗಿದ್ದವು.

ಚಪ್ಪಲಿ ಬಿಟ್ಟು ಇಳಿದೆ. ಬಿಡಬೇಕೆಂದು ಯಾರೂ ಹೇಳಲಿಲ್ಲ. ಒಂದು ಸಿಕ್ಕಿತು, ಹನ್ನೆರಡನೆಯದು. ಈಗ ಮೇಜಿನ ಮೇಲೆ ಕಾಗದದ ತ್ರಿಕೋನದ ತುದಿಗೆ ಅಂಟಿಸಿದ್ದೇನೆ. ಚೀಟಿಯಲ್ಲಿ ತಾರೀಕು ಬರೆದೆ, ಬಳ್ಳಿಯ ಗುರುತು ಬರೆದೆ, ನನ್ನ ಹೆಸರು ಬರೆದೆ. ಸ್ಥಳದ ಸಾಲು ಉಳಿದಿದೆ. ಹದಿನಾಲ್ಕನೇ ಬ್ಲಾಕು ಎಂದರೆ ಅವರದ್ದಾಯಿತು. ಆ ಹೆಸರನ್ನು ಬರೆಯೋಣವೆಂದರೆ, ಅಲ್ಲಿ ಕರೆದರೆ ಏಳಲು ಯಾರಿದ್ದಾರೆ? ಮೊದಲಿನ ಹನ್ನೊಂದರಲ್ಲಿ ಬರೆದದ್ದನ್ನೇ ಬರೆದರೆ ನಾಳೆ ಇದನ್ನೂ ನೀಲಗಿರಿ ತೋಪಿಗೆ ಒಯ್ಯುತ್ತಾರೆ.

ಶೆಂಹಿಲು ಹಿರಿಯರೇ, ಬರೆಯಬೇಡ ಎಂದಿರಿ, ಬರೆಯಲಿಲ್ಲ. ಬರೆ ಎಂದಿರಿ, ಬರೆದೆ. ಶಾಯಿ ಒಣಗುತ್ತಿದೆ. ಈಗ ಹೇಳಿ, ಇದು ಎಲ್ಲಿಯದು ಎಂದು ಬರೆಯಲಿ?